ಸ್ಪೀಡ್ ಎಷ್ಟು ಅಂತ ಹೇಳ್ತಾರೆ, ನಿಮಗೇನು ಬೇಕು ಅಂತ ಕೇಳಲ್ಲ

ಜರ್ಮನಿಯಲ್ಲಿ ಮನೆಗೆ ಇಂಟರ್ನೆಟ್ ತಗೊಳ್ಳುವಾಗ ಕಂಪನಿಯವರು ಸಹಿಗೆ ಮುಂಚೆ ಒಂದು ಹಾಳೆ ಕೊಡಬೇಕು. ಅದರಲ್ಲಿ ಸ್ಪೀಡ್ ಒಂದಲ್ಲ, ಮೂರು ಇರುತ್ತದೆ: ಗರಿಷ್ಠ, ಸಾಮಾನ್ಯವಾಗಿ ಸಿಗುವುದು, ಕನಿಷ್ಠ. ನಮ್ಮ ಕಡೆಯಿಂದ ಕಳಿಸುವ ಅಪ್‌ಲೋಡ್‌ಗೂ ಹಾಗೇ ಮೂರು. ಯುರೋಪಿಯನ್ ಒಕ್ಕೂಟದ 2015ರ ಕಾನೂನು ಒಪ್ಪಂದದಲ್ಲಿ ಇವನ್ನೆಲ್ಲ ಬರೆಯಲೇಬೇಕು ಅನ್ನುತ್ತದೆ. ‘ಅಪ್ ಟು 100 ಎಂಬಿಪಿಎಸ್’ ಅನ್ನೋ ಜಾಹೀರಾತು ನೋಡಿಯೇ ಅಭ್ಯಾಸವಾಗಿದ್ದ ನನಗೆ ಆ ‘ಕನಿಷ್ಠ’ ಅನ್ನೋ ಸಾಲು ಬಹಳ ಹಿಡಿಸಿತು.

ಹೇಳಿದಷ್ಟು ಸಿಗದಿದ್ದರೆ ಬಿಲ್ ಕಡಿಮೆ ಮಾಡಿಸಿಕೊಳ್ಳಬಹುದು, ಇಲ್ಲವೇ ಒಪ್ಪಂದ ಬಿಟ್ಟು ಹೋಗಬಹುದು. 2021ರ ಡಿಸೆಂಬರ್‌ನಿಂದ ಈ ಹಕ್ಕು ಇದೆ. ಆದರೆ ಸಾಬೀತು ಮಾಡುವ ಕೆಲಸ ನಮ್ಮದೇ. ಸರ್ಕಾರಿ ನಿಯಂತ್ರಕರ ಆ್ಯಪ್ ಹಾಕಿಕೊಂಡು, ವೈಫೈ ಬಿಟ್ಟು ಕೇಬಲ್ ಚುಚ್ಚಿ, ಬೇರೆ ಬೇರೆ ಮೂರು ದಿನ ಸೇರಿ ಮೂವತ್ತು ಸಲ ಅಳೆಯಬೇಕು. ಕೆಲಸಕ್ಕೆ ಹೋಗುವವರು ಇದನ್ನು ಯಾವಾಗ ಮಾಡಬೇಕೋ! ಲ್ಯಾಪ್‌ಟಾಪ್‌ನಲ್ಲಿ ಕೇಬಲ್ ಚುಚ್ಚುವ ಜಾಗವೇ ಇಲ್ಲದವರ ಗತಿ ಬೇರೆ.

ನಾನು ಹಟಕ್ಕೆ ಬಿದ್ದು ಮಾಡಿದೆ. ಸ್ಪೀಡ್‌ನಲ್ಲಿ ಕಂಪನಿ ಪಾಸ್. ಆದರೆ ನನ್ನ ತೊಂದರೆ ಸ್ಪೀಡ್ ಆಗಿರಲೇ ಇಲ್ಲ. ಸಂಜೆ ಊರಿಗೆ ವಿಡಿಯೊ ಕಾಲ್ ಮಾಡಿದರೆ ದನಿ ತುಂಡು ತುಂಡಾಗುತ್ತಿತ್ತು. ಅಪ್ಪ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡುವಷ್ಟರಲ್ಲಿ ಅವರು ಇನ್ನೊಂದು ಪ್ರಶ್ನೆ ಶುರು ಮಾಡಿರುತ್ತಿದ್ದರು. ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಿದ್ದೆವು. ಇದು ವಿಳಂಬ (ದನಿ ತಡವಾಗಿ ಮುಟ್ಟುವುದು) ಮತ್ತು ಏರುಪೇರಿನ (ಆ ತಡ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಆಗುವುದು) ಸಮಸ್ಯೆ. ಒಂದು ಕಡೆಯಿಂದ ಹೊರಟ ದನಿ ಇನ್ನೊಂದು ಕಡೆ ಮುಟ್ಟಲು 150 ಮಿಲಿಸೆಕೆಂಡ್‌ಗಿಂತ ಜಾಸ್ತಿ ಹಿಡಿಯಬಾರದು, ಹಾಗಿದ್ದರೆ ಮಾತುಕತೆ ಸರಾಗ ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎಷ್ಟೋ ಹಿಂದೆಯೇ ಹೇಳಿದೆ. ನನಗೆ ಕೊಟ್ಟ ಹಾಳೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಸಿನಿಮಾ ನೋಡುವವರಿಗೆ ಎರಡು ಸೆಕೆಂಡ್ ತಡವಾದರೂ ನಡೆಯುತ್ತದೆ. ಮಾತಾಡುವವರಿಗೆ ಅರ್ಧ ಸೆಕೆಂಡೂ ಕಷ್ಟ. ಇಬ್ಬರಿಗೂ ಒಂದೇ ಪ್ಲಾನ್ ಮಾರುತ್ತಾರೆ, ಅದೇ ಸ್ಪೀಡ್ ಅಂಕಿಗಳನ್ನು ತೋರಿಸುತ್ತಾರೆ.

ಭಾರತದ ದಾರಿ ಬೇರೆ. ಅಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್ ಒಬ್ಬೊಬ್ಬರ ಲೈನ್ ನೋಡುವುದಿಲ್ಲ, ಇಡೀ ನೆಟ್‌ವರ್ಕ್ ನೋಡುತ್ತದೆ. ಕಾಲ್ ಡ್ರಾಪ್ ನೂರಕ್ಕೆ ಎರಡರ ಒಳಗಿರಬೇಕು ಅನ್ನುವುದು ಹಳೆಯ ಲೆಕ್ಕ. ಇಡೀ ಸರ್ಕಲ್‌ನ (ಹೆಚ್ಚುಕಡಿಮೆ ಒಂದು ರಾಜ್ಯದಷ್ಟು ದೊಡ್ಡ ಪ್ರದೇಶದ) ಸರಾಸರಿ ತೆಗೆದರೆ ನಿಮ್ಮ ಬೀದಿಯ ಕೆಟ್ಟ ಟವರ್ ಅದರಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ 2017ರಲ್ಲಿ ಸರಾಸರಿ ಬಿಟ್ಟು, ಎಷ್ಟು ಪಾಲು ಟವರ್‌ಗಳು ಎಷ್ಟು ದಿನ ಸರಿಯಾಗಿದ್ದವು ಅಂತ ನೋಡಲು ಶುರು ಮಾಡಿದರು. ಒಳ್ಳೆಯ ಬದಲಾವಣೆ.

ಆದರೂ ಒಂದು ಕಿಂಡಿ ಇದೆ. ಸಿಗ್ನಲ್ ಹೋದ ಕೂಡಲೇ ಕಾಲ್ ಕತ್ತರಿಸಬೇಕೋ, ಇನ್ನಷ್ಟು ಹೊತ್ತು ಕಾಯಬೇಕೋ ಅನ್ನುವ ಟೈಮರ್ ಒಂದು ನೆಟ್‌ವರ್ಕ್‌ನಲ್ಲಿರುತ್ತದೆ. ಅದನ್ನು ಉದ್ದ ಇಟ್ಟರೆ ಏನಾಗುತ್ತೆ? ಆ ಕಡೆ ದನಿ ಇಲ್ಲ. ‘ಹಲೋ, ಹಲೋ, ಕೇಳಿಸ್ತಾ ಇದೆಯಾ?’ ಅಂತ ಕೂಗಿ ಕೂಗಿ ಬೇಸತ್ತು ನಾವೇ ಕಟ್ ಮಾಡುತ್ತೇವೆ. ನಾವು ಕಟ್ ಮಾಡಿದ್ದರಿಂದ ಅದು ಡ್ರಾಪ್ ಅಲ್ಲ, ಸರಿಯಾಗಿ ಮುಗಿದ ಕಾಲ್! ವರದಿಯಲ್ಲಿ ಎಲ್ಲ ಚೆನ್ನಾಗಿದೆ, ಕೂಗಿದವರ ಗಂಟಲು ಮಾತ್ರ ನೋಯುತ್ತದೆ.

ಪರಿಹಾರದ ಮಾತಿಗೆ ಬಂದರೆ ಭಾರತದ್ದು ಬೇಸರದ ಕಥೆ. ಡ್ರಾಪ್ ಆದ ಕಾಲ್‌ಗೆ 1 ರೂಪಾಯಿ, ದಿನಕ್ಕೆ ಹೆಚ್ಚೆಂದರೆ 3 ರೂಪಾಯಿ ಕೊಡಬೇಕು ಅಂತ ಟ್ರಾಯ್ 2015ರಲ್ಲಿ ಆದೇಶ ಮಾಡಿತು. 2016ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2024ರ ಹೊಸ ನಿಯಮದಲ್ಲಿ ಜಿಲ್ಲಾ ಮಟ್ಟದಲ್ಲಿ 24 ಗಂಟೆಗಿಂತ ಜಾಸ್ತಿ ನೆಟ್‌ವರ್ಕ್ ಹೋದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಿಲ್‌ನ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಬಂದಿದೆ. ಇಡೀ ಜಿಲ್ಲೆಯೇ ಕತ್ತಲಾಗಬೇಕು, ಆಗ ನಮ್ಮ ಸರದಿ. ಬರೀ ನಮ್ಮ ಓಣಿಯಲ್ಲಿ ಹೋದರೆ ಕಸ್ಟಮರ್ ಕೇರ್‌ನ ಮ್ಯೂಸಿಕ್ ಕೇಳಿಕೊಂಡು ಕೂರಬೇಕು.

ಜರ್ಮನಿಯಲ್ಲಿ ಮನೆಯ ಲೈನ್ ಪೂರ್ತಿ ಸತ್ತರೆ ಮೂರನೇ ದಿನದಿಂದ ದಿನಕ್ಕೆ 5 ಯೂರೋ ಅಥವಾ ತಿಂಗಳ ಬಿಲ್‌ನ ಶೇ. 10, ಯಾವುದು ಜಾಸ್ತಿಯೋ ಅದು. ಐದನೇ ದಿನದಿಂದ ಇದು ಎರಡರಷ್ಟು. ಬರ್ತೀನಿ ಅಂದ ಟೆಕ್ನಿಷಿಯನ್ ಬರದಿದ್ದರೂ 10 ಯೂರೋ ಅಥವಾ ಬಿಲ್‌ನ ಶೇ. 20. ಈ ಕೊನೆಯದು ನನಗೆ ಬಹಳ ದೊಡ್ಡ ವಿಷಯ ಅನಿಸುತ್ತದೆ. ಯಾಕೆಂದರೆ ರಜೆ ಹಾಕಿ ಬಾಗಿಲು ಕಾಯುತ್ತಾ ಕೂತವರಿಗೆ ಗುಣಮಟ್ಟ ಅಂದರೆ ಮೆಗಾಬಿಟ್ ಅಲ್ಲ, ಹೇಳಿದ ಹೊತ್ತಿಗೆ ಆ ಮನುಷ್ಯ ಬರುವುದು. ಆದರೆ ಇಲ್ಲೂ ದುಡ್ಡು ನಾವಾಗಿ ಕೇಳಬೇಕು. ಬ್ರಿಟನ್‌ನಲ್ಲಿ 2019ರ ಏಪ್ರಿಲ್‌ನಿಂದ, ಯೋಜನೆಗೆ ಒಪ್ಪಿಕೊಂಡ ಕಂಪನಿಗಳು ಕೇಳದೆಯೇ ಬಿಲ್‌ಗೆ ಜಮಾ ಮಾಡುತ್ತವೆ. ಪತ್ರ ಬರೆಯಲು ಬಾರದ ವಯಸ್ಸಾದವರಿಗೂ, ನನ್ನ ಹಾಗೆ ಪರದೇಶದ ಭಾಷೆಯಲ್ಲಿ ತಡವರಿಸುವವರಿಗೂ ಅದು ಸರಿಯಾದ ದಾರಿ ಅಲ್ವಾ?

ಗುಣಮಟ್ಟವನ್ನು ನಾಲ್ಕು ಕಡೆಯಿಂದ ನೋಡಬೇಕು ಅಂತ ಅದೇ ದೂರಸಂಪರ್ಕ ಒಕ್ಕೂಟ 2001ರಲ್ಲಿ ಹೇಳಿತ್ತು: ಬಳಸುವವರಿಗೆ ಬೇಕಾದದ್ದು, ಕಂಪನಿ ಕೊಡ್ತೀನಿ ಅಂದದ್ದು, ನಿಜಕ್ಕೂ ಕೊಟ್ಟದ್ದು, ಬಳಸಿದವರಿಗೆ ಅನಿಸಿದ್ದು. ಜರ್ಮನಿ ಎರಡನೆಯದನ್ನೂ ಮೂರನೆಯದನ್ನೂ ಅಚ್ಚುಕಟ್ಟಾಗಿ ಹೋಲಿಸುತ್ತದೆ. ಭಾರತ ಮೂರನೆಯದನ್ನು ಅಳೆಯುತ್ತದೆ. ನಾಲ್ಕನೆಯದಕ್ಕೂ ಕೈ ಹಾಕಿದೆ, ಅದನ್ನು ಮೆಚ್ಚಬೇಕು. ಟ್ರಾಯ್‌ನ ಮೈಕಾಲ್ ಆ್ಯಪ್ ಕಾಲ್ ಮುಗಿದ ತಕ್ಷಣ ಹೇಗಿತ್ತು ಅಂತ ಸ್ಟಾರ್ ಕೇಳುತ್ತದೆ. ಮೂವತ್ತು ಸಲ ಅಳೆಯುವುದಕ್ಕಿಂತ ಇದು ಸಾವಿರ ಪಾಲು ಸುಲಭ.

ಮೊದಲನೆಯದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಿವಿ ಕೇಳದವರು ವಿಡಿಯೊ ಕಾಲ್‌ನಲ್ಲಿ ಸನ್ನೆ ಭಾಷೆಯಲ್ಲಿ ಮಾತಾಡುತ್ತಾರೆ. ಅವರಿಗೆ ಚಿತ್ರ ಎಷ್ಟು ಸ್ಪಷ್ಟ ಅನ್ನುವುದಕ್ಕಿಂತ ಅದು ತಡೆಯಿಲ್ಲದೆ ಓಡುವುದು ಮುಖ್ಯ. ಚಿತ್ರ ಜರ್ಕ್ ಹೊಡೆದರೆ ಬೆರಳಿನ ಸನ್ನೆ ಅರ್ಧಕ್ಕೇ ಕಾಣೆಯಾಗುತ್ತದೆ. ಅವರಿಗೆ ನಮ್ಮಷ್ಟೇ ಅಪ್‌ಲೋಡ್ ಕೊಟ್ಟು ‘ಎಲ್ಲರಿಗೂ ಸಮಾನ’ ಅಂದರೆ ಹೇಗೆ?

ಪ್ಲಾನ್ ಮಾರುವಾಗ ‘ಇದರಲ್ಲಿ ನೀವೇನು ಮಾಡ್ತೀರಿ?’ ಅಂತ ಒಂದು ಮಾತು ಕೇಳಲಿ. ಜರ್ಮನಿಯ ಆ ಹಾಳೆಯಲ್ಲಿ ವಿಳಂಬಕ್ಕೂ ಏರುಪೇರಿಗೂ ಒಂದೊಂದು ಸಾಲು ಸೇರಲಿ. ಭಾರತದಲ್ಲಿ ಒಂದೇ ಜಾಗದಿಂದ ಮತ್ತೆ ಮತ್ತೆ ಬರೀ ಒಂದು ಸ್ಟಾರ್ ಬರುತ್ತಿದ್ದರೆ ಆ ಟವರ್ ನೋಡಲು ಯಾರಾದರೂ ಹೋಗಲಿ. ಹೋಗಿ ಏನು ಮಾಡಿದರು ಅಂತ ಸ್ಟಾರ್ ಕೊಟ್ಟವರಿಗೆ ಒಂದು ಮೆಸೇಜ್ ಬರಲಿ. ರೀಚಾರ್ಜ್ ಮುಗಿಯಿತು ಅಂತ ದಿನಕ್ಕೆ ನಾಲ್ಕು ಮೆಸೇಜ್ ಕಳಿಸುವವರಿಗೆ ಇದೇನು ದೊಡ್ಡ ಕೆಲಸವಲ್ಲ.