140 ಗಿಟಾರ್‌ಗಳೂ ನಮ್ಮ ಭಾವನೂ

ಒಂದೇ ಸಂಗೀತ ಪ್ರವಾಸದಲ್ಲಿ ಅತಿ ಹೆಚ್ಚು ಗಿಟಾರ್ ಒಡೆದುಹಾಕಿದ ಗಿನ್ನೆಸ್ ದಾಖಲೆ ಇಂಗ್ಲೆಂಡಿನ ಮ್ಯೂಸ್ ತಂಡದ ಗಾಯಕ ಮ್ಯಾಟ್ ಬೆಲಾಮಿಯ ಹೆಸರಿನಲ್ಲಿದೆ. 2003ರಲ್ಲಿ ಬಂದ ‘ಅಬ್ಸೊಲ್ಯೂಷನ್’ ಆಲ್ಬಮ್‌ನ ಹಾಡುಗಳನ್ನು ಹೊತ್ತು ಊರೂರು ತಿರುಗುವಾಗ ಆತ ಪುಡಿಗಟ್ಟಿದ್ದು 140 ಗಿಟಾರ್. ಇದನ್ನು ನಾನು ಬಹಳ ಹೆಮ್ಮೆಯಿಂದ ಅಮ್ಮನಿಗೆ ತಿಳಿಸಿದೆ. ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. “ಒಂದಕ್ಕೆ ಎಷ್ಟಾಗುತ್ತದೆ?” ಎಂದಳು. ಅಂದಾಜಿನ ಮೇಲೆ ಒಂದು ಬೆಲೆ ಹೇಳಿದೆ. ಮನಸ್ಸಿನಲ್ಲೇ ಗುಣಿಸಿ, ಪೌಂಡನ್ನು ರೂಪಾಯಿಗೆ ಇಳಿಸಿ, “ಆ ಹುಡುಗನ ಮನೆಯಲ್ಲಿ ದೊಡ್ಡವರು ಅಂತ ಯಾರೂ ಇಲ್ಲವೇನು?” ಎಂದು ಕೇಳಿದಳು.

ಇದ್ದರು, ಅವರೂ ಗಿಟಾರ್ ವಾದಕರೇ. ಅಪ್ಪ ಜಾರ್ಜ್ ಬೆಲಾಮಿ ಟೊರ್ನೇಡೋಸ್ ಎಂಬ ತಂಡದಲ್ಲಿದ್ದವರು. 1962ರಲ್ಲಿ ಟೆಲ್‌ಸ್ಟಾರ್ ಉಪಗ್ರಹ ಮೇಲೆ ಹೋದ ವರ್ಷವೇ ಅದೇ ಹೆಸರಿನ ವಾದ್ಯಸಂಗೀತವೊಂದನ್ನು ನುಡಿಸಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ ತಂಡ ಅದು. ಬ್ರಿಟನ್ನಿನ ತಂಡವೊಂದಕ್ಕೆ ಅಲ್ಲಿ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಬೀಟಲ್ಸ್ ಬಂದದ್ದು ಆಮೇಲೆ. ಆಕಾಶದ ಮೇಲೆ ಕಣ್ಣಿಡುವುದು ಆ ಮನೆತನದಲ್ಲೇ ಇದೆ ಎಂದು ನನ್ನ ಗುಮಾನಿ. ಅಪ್ಪನ ಉಪಗ್ರಹ ಸುರಕ್ಷಿತವಾಗಿ ಮೇಲೇ ಉಳಿಯಿತು. ಮಗ ಹಾರಿಸಿದ್ದರ ಗತಿಯನ್ನು ಮುಂದೆ ಹೇಳುತ್ತೇನೆ.

ನಾನಿರುವುದು ಡೆವನ್ ಸೀಮೆಯ ಎಕ್ಸೆಟರ್‌ನಲ್ಲಿ. ಇಲ್ಲಿಂದ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಟಿನ್‌ಮತ್ ಎಂಬ ಕಡಲತೀರದ ಪುಟ್ಟ ಊರು. ಮ್ಯೂಸ್ ಹುಟ್ಟಿದ್ದು ಅಲ್ಲಿ. ಬೆಲಾಮಿ, ಡ್ರಮ್ಸ್‌ನ ಡಾಮಿನಿಕ್ ಹೋವರ್ಡ್, ಬಾಸ್ ಗಿಟಾರ್‌ನ ಕ್ರಿಸ್ ವುಲ್‌ಸ್ಟನ್‌ಹೋಮ್. ಈ ಮೂರನೆಯವನು ಬೇರೆ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು. ಇವರಿಗೆ ಬಾಸ್ ನುಡಿಸುವವನು ಬೇಕಾಗಿದ್ದರಿಂದ ಅದನ್ನು ಬಿಟ್ಟು ಇದನ್ನು ಕಲಿತ. 1994ರಲ್ಲಿ ಹುಡುಗರು ರಾಕೆಟ್ ಬೇಬಿ ಡಾಲ್ಸ್ ಎಂಬ ವಿಚಿತ್ರ ಹೆಸರಿಟ್ಟುಕೊಂಡು, ಮುಖಕ್ಕೆ ಮೇಕಪ್ ಬಳಿದುಕೊಂಡು, ಸ್ಥಳೀಯ ಸ್ಪರ್ಧೆಯೊಂದಕ್ಕೆ ಹೋದರು. ಗೆಲ್ಲುವ ಉದ್ದೇಶ ಅವರಿಗೆ ಕಿಂಚಿತ್ತೂ ಇರಲಿಲ್ಲ. ಸ್ಪರ್ಧೆಗಳ ಬಗ್ಗೆ ತಮಗಿರುವ ಅಸಡ್ಡೆಯನ್ನು ತೋರಿಸಿ ಬರೋಣವೆಂದು ವಾದ್ಯಗಳನ್ನು ವೇದಿಕೆಯ ಮೇಲೇ ಒಡೆದು ಹಾಕಿದರು. ತೀರ್ಪುಗಾರರು ಮೊದಲ ಬಹುಮಾನ ಕೊಟ್ಟುಬಿಟ್ಟರು.

ಆ ತೀರ್ಪುಗಾರರ ಮೇಲೆ ನನಗೆ ಇಂದಿಗೂ ಕೋಪವಿದೆ. ಹದಿಹರೆಯದ ಹುಡುಗ ಸಾಮಾನು ಒಡೆದರೆ ಕಿವಿ ಹಿಂಡಬೇಕಾದವರು ಕೈಗೆ ಬಹುಮಾನ ಇಟ್ಟು ಕಳಿಸಿದರೆ ಮುಂದೆ 140 ಆಗದೆ ಇನ್ನೇನಾಗುತ್ತದೆ? ಆಮೇಲೆ ಹೆಸರನ್ನು ಮ್ಯೂಸ್ ಎಂದು ಚಿಕ್ಕದಾಗಿಸಿಕೊಂಡರು. ಬಾಕಿ ಎಲ್ಲವೂ ದೊಡ್ಡದಾಗುತ್ತಾ ಹೋಯಿತು. 2007ರ ಜೂನ್‌ನಲ್ಲಿ ವೆಂಬ್ಲಿ ಕ್ರೀಡಾಂಗಣದಲ್ಲಿ ಎರಡು ರಾತ್ರಿ ನಡೆದ ಕಾರ್ಯಕ್ರಮಕ್ಕೆ ದೈತ್ಯ ಬಿಳಿ ಬಲೂನುಗಳಿಗೆ ನೇತುಬಿದ್ದ ಸರ್ಕಸ್ ಕಲಾವಿದರು. 2013ರಲ್ಲಿ ವೇದಿಕೆಯ ಮೇಲೆ ಓಡಾಡುವ ಭಾರೀ ರೋಬಾಟ್. ಅದರ ಹೆಸರು ಚಾರ್ಲ್ಸ್. ಲೋಕವನ್ನೇ ನಡುಗಿಸಲು ಬಂದ ಯಂತ್ರಮಾನವನಿಗೆ ಬ್ಯಾಂಕಿನ ಗುಮಾಸ್ತರ ಹೆಸರಿಟ್ಟದ್ದು ಏಕೋ!

ನನಗೆ ಈ ತಂಡ ಆಪ್ತವಾಗಿರುವುದು ಇಂಥ ಅದ್ದೂರಿತನದಿಂದಲ್ಲ. ಪ್ರಳಯ, ಪಿತೂರಿ, ಅನ್ಯಗ್ರಹ, ಯುದ್ಧ ಎಂದು ಇಷ್ಟು ದೊಡ್ಡ ವಿಷಯಗಳನ್ನೇ ಹಾಡುವವರಿಗೆ ಎದುರಾಗುವ ವಿಪತ್ತುಗಳು ಮಾತ್ರ ನಮ್ಮ ನಿಮ್ಮ ಮನೆಯವೇ. 2004ರಲ್ಲಿ ಅಮೆರಿಕದ ಪ್ರವಾಸ ಶುರುವಾದದ್ದು ಅಟ್ಲಾಂಟಾದಲ್ಲಿ. ಮೊದಲ ಕಾರ್ಯಕ್ರಮದಲ್ಲೇ ಬೆಲಾಮಿ ವೇದಿಕೆಯ ಮೇಲೆ ಗಾಯ ಮಾಡಿಕೊಂಡ. ಅದೇ ವರ್ಷ ಆಗಸ್ಟ್‌ನಲ್ಲಿ ವುಲ್‌ಸ್ಟನ್‌ಹೋಮ್ ಮಣಿಕಟ್ಟು ಮುರಿದುಕೊಂಡ. ಗಿಟಾರ್‌ಗಳು ಕಂಡಕಂಡಲ್ಲಿ ಹಾರಾಡುತ್ತಿದ್ದ ವೇದಿಕೆಯಲ್ಲಿ ಆ ಮನುಷ್ಯ ತಿಂಗಳುಗಟ್ಟಲೆ ತಲೆ ಉಳಿಸಿಕೊಂಡು ನಿಂತಿದ್ದವನು. ಮುರಿದದ್ದು ಬಿಡುವಿನಲ್ಲಿ ಫುಟ್‌ಬಾಲ್ ಆಡಲು ಹೋಗಿ. ವಿ ಫೆಸ್ಟಿವಲ್‌ನಲ್ಲಿ ಅವನ ಜಾಗದಲ್ಲಿ ಮಾರ್ಗನ್ ನಿಕೋಲ್ಸ್ ಎಂಬಾತ ಬಾಸ್ ನುಡಿಸಿದ. ಹೀಗೆ ಆಪತ್ತಿಗೆ ಬಂದ ನಿಕೋಲ್ಸ್ ಮುಂದೆ ಕೀಬೋರ್ಡ್ ನುಡಿಸುತ್ತಾ ವರ್ಷಾನುಗಟ್ಟಲೆ ಅವರ ಜೊತೆಯಲ್ಲೇ ಉಳಿದ. ನಾಲ್ಕು ದಿನಕ್ಕೆಂದು ಬಂದ ನೆಂಟರು ಉಳಿದುಬಿಡುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದ ಅಮ್ಮನಿಗೆ ಇದರಿಂದ ಸ್ವಲ್ಪ ಸಮಾಧಾನವಾಯಿತು.

ಅಮ್ಮ ತುಮಕೂರಿನಿಂದ ಬಂದಿದ್ದ ಆ ಬೇಸಿಗೆಯಲ್ಲಿ ಅವಳನ್ನು ಟಿನ್‌ಮತ್‌ಗೆ ಕರೆದುಕೊಂಡು ಹೋದೆ. ಡಾಲಿಷ್ ದಾಟಿದ ಮೇಲೆ ರೈಲು ಸಮುದ್ರಕ್ಕೆ ಅಂಟಿಕೊಂಡೇ ಓಡುತ್ತದೆ. 2014ರ ಫೆಬ್ರವರಿಯ ಬಿರುಗಾಳಿಗೆ ಡಾಲಿಷ್‌ನಲ್ಲಿ ತಡೆಗೋಡೆ ಕೊಚ್ಚಿಹೋಗಿ ಹಳಿಗಳು ಗಾಳಿಯಲ್ಲಿ ನೇತಾಡಿದ್ದವು. ಈ ಮಾಹಿತಿಯನ್ನು ಕೊಡಲು ನಾನು ಆರಿಸಿಕೊಂಡ ಗಳಿಗೆಗೆ ಸರಿಯಾಗಿ ಅಲೆಯೊಂದು ಕಿಟಕಿಗೆ ಅಪ್ಪಳಿಸಿತು. ಅಮ್ಮ ಉಳಿದ ದಾರಿಯಲ್ಲಿ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಹೇಳಿಕೊಂಡಳು. ಇಳಿಯುವ ಹೊತ್ತಿಗೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಮುಗಿಸಿದಳು.

ಊರಿನಲ್ಲಿ ಸಮುದ್ರದ ಪಕ್ಕ ‘ದಿ ಡೆನ್’ ಎಂಬ ಹುಲ್ಲಿನ ಮೈದಾನವಿದೆ. ಚಿಕ್ಕಂದಿನಲ್ಲಿ ಈ ಊರು ಬೇಸರ ಬೇಸರ ಎಂದು ದೂರುತ್ತಿದ್ದ ಮೂವರೂ 2009ರ ಸೆಪ್ಟೆಂಬರ್ 4 ಮತ್ತು 5ರಂದು ಇಲ್ಲಿಗೇ ಮರಳಿ ಬಂದು ಹಾಡಿದರು. ಆ ಮಹತ್ವದ ಜಾಗವನ್ನು ಅಮ್ಮನಿಗೆ ತೋರಿಸುತ್ತಾ ಕೈ ಚಾಚಿದೆ. ಚಾಚಿದ ಕೈಯಲ್ಲಿ ಬಿಸಿ ಫಿಂಗರ್ ಚಿಪ್ಸ್‌ನ ಪೊಟ್ಟಣವಿತ್ತು. ಎಲ್ಲಿತ್ತೋ ಏನೋ, ಒಂದು ಸೀಗಲ್ ಹಕ್ಕಿ ಹಿಂದಿನಿಂದ ಬಂದು ಪೊಟ್ಟಣದ ಸಮೇತ ಎತ್ತಿಕೊಂಡು ಹೋಯಿತು. ಈ ದೇಶದ ಸೀಗಲ್‌ಗಳಿಗೆ ಕೋಳಿಯಷ್ಟು ಗಾತ್ರವಿದೆ, ಭಯವೆಂಬುದು ಇಲ್ಲ. ಅಕ್ಕಪಕ್ಕ ಕುಳಿತಿದ್ದ ವೃದ್ಧ ದಂಪತಿಗಳೆಲ್ಲ ನಮ್ಮ ಕಡೆ ನೋಡಿ, ತಮ್ಮ ತಮ್ಮ ಪೊಟ್ಟಣಗಳನ್ನು ಕೋಟಿನೊಳಗೆ ಸೇರಿಸಿಕೊಂಡರು. “ಇಲ್ಲಿ ಬೇಸರ ಅಂದರಲ್ಲ ಅವರು, ಯಾಕೆ?” ಎಂದಳು ಅಮ್ಮ.

ಮಳೆ ಶುರುವಾಯಿತು. ಕಾಫಿ ಅಂಗಡಿಯೊಂದಕ್ಕೆ ನುಗ್ಗಿದೆವು. ಅಲ್ಲಿ ಕೊಟ್ಟದ್ದು ಇನ್‌ಸ್ಟಂಟ್ ಕಾಫಿ. ಫಿಲ್ಟರ್ ಕಾಫಿಯ ವಿಷಯದಲ್ಲಿ ಅಮ್ಮನದು ಮಡಿವಂತಿಕೆ; ಒಂದು ಗುಟುಕು ಕುಡಿದು ಲೋಟವನ್ನು ದೂರ ತಳ್ಳಿದಳು. ಮ್ಯೂಸ್‌ನವರು ಒಂದು ಇನ್‌ಸ್ಟಂಟ್ ಕಾಫಿಯ ಮೇಲೆಯೇ ಮೊಕದ್ದಮೆ ಹೂಡಿದ್ದು ಆಗ ನೆನಪಾಯಿತು. ತಾವು ಹಾಡಿದ ‘ಫೀಲಿಂಗ್ ಗುಡ್’ ಹಾಡನ್ನು ಅನುಮತಿಯಿಲ್ಲದೆ ಜಾಹೀರಾತಿಗೆ ಬಳಸಿದ್ದಕ್ಕೆ ದಾವೆ ಹಾಕಿ, ಬಂದ 5 ಲಕ್ಷ ಪೌಂಡ್ ಪರಿಹಾರವನ್ನು ಆಕ್ಸ್‌ಫಾಮ್ ಸಂಸ್ಥೆಗೆ ದಾನ ಕೊಟ್ಟರು. ಹೇಳಿದೆ. ಅಮ್ಮ ಹಾಡಿನ ಭಾಗವನ್ನೂ ಅನುಮತಿಯ ಭಾಗವನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಕಾಫಿಯ ಮೇಲೆ ಕೋರ್ಟಿಗೆ ಹೋದವರು ಎಂಬಷ್ಟೇ ಅವಳಿಗೆ ಸಾಕಾಯಿತು. ಅಂದಿನಿಂದ ಆ ಹುಡುಗರು ಅವಳ ಬಾಯಲ್ಲಿ ಒಳ್ಳೆಯ ಮನೆತನದವರು.

ಮೊಂಡುತನ ಇದ್ದದ್ದಂತೂ ನಿಜ. 2002ರಲ್ಲಿ ಸೆಲೀನ್ ಡಿಯಾನ್ ಲಾಸ್ ವೇಗಸ್‌ನ ತಮ್ಮ ಕಾರ್ಯಕ್ರಮಕ್ಕೆ ಮ್ಯೂಸ್ ಎಂದು ಹೆಸರಿಡಲು ಹೊರಟು, ಹೆಸರಿನ ಹಕ್ಕಿಗೆ 50,000 ಡಾಲರ್ ಕೊಡುತ್ತೇವೆಂದರು. ಇವರು ಒಪ್ಪಲಿಲ್ಲ. ತಾವು ಆಕೆಯ ಹಿಮ್ಮೇಳದವರೆಂದು ಜನ ತಿಳಿದಾರು ಎಂಬುದು ಬೆಲಾಮಿಯ ಆತಂಕ. ಅದಕ್ಕೂ ಮೊದಲು, ಎರಡನೆಯ ಆಲ್ಬಮ್‌ನಲ್ಲಿ ಬೆಲಾಮಿಯ ಕೀರಲು ತಾರಸ್ಥಾಯಿ ರೇಡಿಯೋಗೆ ಒಗ್ಗುವುದಿಲ್ಲ, ತಿದ್ದಿ ಎಂದು ಅಮೆರಿಕದ ಕಂಪನಿ ಹೇಳಿದ್ದಕ್ಕೆ ಕಂಪನಿಯನ್ನೇ ಬಿಟ್ಟರು. ಆ ಆಲ್ಬಮ್ ಅಮೆರಿಕದ ಅಂಗಡಿ ಸೇರಿದ್ದು 2005ರಲ್ಲಿ, ಇಲ್ಲಿಗಿಂತ ನಾಲ್ಕು ವರ್ಷ ತಡವಾಗಿ. ಈ ವಿಚಾರದಲ್ಲಿ ನಮ್ಮ ಭಾವ ಕಂಪನಿಯ ಪಕ್ಷ. ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡವನು ಕೂಗಿದ ಹಾಗೆ ಕೇಳುತ್ತದೆ ಎನ್ನುತ್ತಾರೆ.

ಇಷ್ಟೆಲ್ಲ ಮೊಂಡುತನದ ತುತ್ತತುದಿ ಎಂದರೆ ಇಟಲಿಯ ಟಿ.ವಿ. ಪ್ರಸಂಗ. 2009ರಲ್ಲಿ ಅಲ್ಲಿನ ಕಾರ್ಯಕ್ರಮವೊಂದರಲ್ಲಿ ನಿಜವಾಗಿ ನುಡಿಸುವಂತಿಲ್ಲ, ಧ್ವನಿಮುದ್ರಿಕೆ ಹಾಕುತ್ತೇವೆ, ತುಟಿ ಕೈ ಆಡಿಸಿದರೆ ಸಾಕು ಎಂದರು. ಸರಿ ಎಂದು ಮೂವರೂ ಜಾಗ ಬದಲಾಯಿಸಿಕೊಂಡರು. ಗಾಯಕ ಡ್ರಮ್ಸ್‌ನ ಹಿಂದೆ ಹೋಗಿ ಕುಳಿತ. ಡ್ರಮ್ಸ್‌ನವನು ಬಾಸ್ ನೇತುಹಾಕಿಕೊಂಡು ಮೈಕಿನ ಮುಂದೆ ನಿಂತು ಜೀವ ಬಿಟ್ಟು ಬಾಯಿ ಆಡಿಸಿದ. ನಿರೂಪಕಿಗೆ ಏನೂ ತಿಳಿಯಲಿಲ್ಲ. ಹಾಡು ಮುಗಿದ ಮೇಲೆ ಡ್ರಮ್ಸ್‌ನವನನ್ನೇ ಮುಖ್ಯ ಗಾಯಕನೆಂದು ಬಗೆದು ಸಂದರ್ಶನ ಮಾಡಿದಳು. ಅವನೂ ಗಂಭೀರವಾಗಿ ಉತ್ತರಿಸಿದ. ಅಮ್ಮ ಈ ಮ್ಯೂಸ್ ಪುರಾಣದಲ್ಲಿ ಮನಸಾರೆ ನಕ್ಕಿದ್ದು ಇಲ್ಲೇ. ತುಮಕೂರಿನ ರಾಮೋತ್ಸವವೊಂದರಲ್ಲಿ ಅಧ್ಯಕ್ಷರು ವಿದ್ವಾಂಸರನ್ನು ಬಿಟ್ಟು, ಎತ್ತರಕ್ಕೆ ಕೆಂಪಗೆ ಇದ್ದ ಮೃದಂಗದವರಿಗೆ ಶಾಲು ಹೊದಿಸಿ ಅವರ ಕಂಠದ ಮಾಧುರ್ಯವನ್ನು ಹೊಗಳಿದ್ದರಂತೆ. ಮೃದಂಗದವರು ಶಾಲನ್ನು ಹಿಂತಿರುಗಿಸಲಿಲ್ಲವಂತೆ.

ಇನ್ನು ಹಾರಿದ ವಸ್ತುವಿನ ವಿಷಯ. 2015ರಲ್ಲಿ ‘ಡ್ರೋನ್ಸ್’ ಎಂಬ ಆಲ್ಬಮ್ ಬಂತು. ಅದರ ಪ್ರವಾಸಕ್ಕೆ ಸಭಾಂಗಣದ ನಡುಮಧ್ಯದಲ್ಲಿ ವೇದಿಕೆ, ಸುತ್ತಲೂ ಜನ, ಜನರ ತಲೆಯ ಮೇಲೆ ಹಾರುವ ಡ್ರೋನ್‌ಗಳು. 2016ರ ಏಪ್ರಿಲ್‌ನಲ್ಲಿ ಲಂಡನ್ನಿನ ಓ2 ಅರೆನಾಗೆ ಬಂದಾಗ ನಾನೂ ಟಿಕೆಟ್ ಕೊಂಡೆ. ಲಂಡನ್ನಿನಲ್ಲಿ ಅಕ್ಕನ ಮನೆ, ಜೊತೆಗೆ ಭಾವ. ಎಲ್ಲ ದಿಕ್ಕಿನಿಂದಲೂ ಕಾಣುವ ವೇದಿಕೆ ಎಂದರೆ ಎಲ್ಲ ದಿಕ್ಕಿಗೂ ಒಂದಿಷ್ಟು ಬೆನ್ನು ಎಂದು ಟಿಕೆಟ್‌ನಲ್ಲಿ ಯಾರೂ ಬರೆದಿರುವುದಿಲ್ಲ. ವೇದಿಕೆಯೇನೋ ತಿರುಗುತ್ತಿತ್ತು. ಆದರೆ ಬೆಲಾಮಿ ನಮ್ಮ ಕಡೆ ಮುಖ ಮಾಡಿದಾಗಲೆಲ್ಲ ನನ್ನ ಮುಂದಿನ ಸಾಲಿನ ಆರಡಿ ಆಸಾಮಿ ಉತ್ಸಾಹದಿಂದ ಎದ್ದು ನಿಲ್ಲುತ್ತಿದ್ದ. ಬೆನ್ನು ತಿರುಗಿಸಿದೊಡನೆ ಕುಳಿತುಬಿಡುತ್ತಿದ್ದ. ಆ ಬೆನ್ನನ್ನು ನನ್ನಷ್ಟು ಸೂಕ್ಷ್ಮವಾಗಿ ಬಲ್ಲವರು ಅಂದು ಇಡೀ ಅರೆನಾದಲ್ಲಿ ಇರಲಾರರು.

ಭಾವ ಬೆಂಗಳೂರಿನಲ್ಲಿದ್ದಾಗಲೂ ಸಿನಿಮಾ ಮುಗಿಯುವ ಮೊದಲೇ ಸ್ಕೂಟರ್ ತೆಗೆಯಲು ಎದ್ದು ಓಡುತ್ತಿದ್ದವರು. ಮಧ್ಯಾಂತರದ ನಂತರ ಯಾರು ಯಾರನ್ನು ಮದುವೆಯಾದರು ಎಂಬುದು ಅವರಿಗೆ ಎಷ್ಟೋ ಚಿತ್ರಗಳಲ್ಲಿ ಇನ್ನೂ ಗೊತ್ತಿಲ್ಲ. ಅಂದೂ ಕೊನೆಯ ಘಟ್ಟ ಬರುವ ಹೊತ್ತಿಗೆ ಮೊಣಕೈಯಿಂದ ತಿವಿದು, “ಏಳು, ಏಳು. ನಾರ್ತ್ ಗ್ರಿನಿಚ್ ನಿಲ್ದಾಣದಲ್ಲಿ ಕಾಲಿಡುವುದಕ್ಕೂ ಜಾಗ ಇರುವುದಿಲ್ಲ” ಎಂದರು. ಹಿರಿಯರು, ಅಕ್ಕನ ಗಂಡ, ರಾತ್ರಿ ಮಲಗಬೇಕಾದದ್ದು ಅವರ ಮನೆಯಲ್ಲಿ. ಎದ್ದೆ. ಜುಬಿಲಿ ಮಾರ್ಗದ ರೈಲಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಭಾವ ವಿಜಯದ ನಗೆ ನಕ್ಕರು.

ಅಲ್ಲಿ ಓಡಾಡುತ್ತಿದ್ದವುಗಳಲ್ಲಿ ವಿಮಾನದಾಕಾರದ ಒಂದು ಡ್ರೋನ್ ಹಿಡಿತ ತಪ್ಪಿ ಪ್ರೇಕ್ಷಕರ ನಡುವೆ ಬಂದು ಬಿದ್ದದ್ದು ನನಗೆ ತಿಳಿದದ್ದು ಯಾರೋ ತೆಗೆದ ವಿಡಿಯೋ ಮೊಬೈಲ್‌ಗೆ ಬಂದಾಗ. ವಾದ್ಯಕ್ಕಿಂತ ಅವಘಡವನ್ನೇ ಹೆಚ್ಚು ಪ್ರೀತಿಸಿ, ಅದಕ್ಕಾಗಿಯೇ ಎಕ್ಸೆಟರ್‌ನಿಂದ ರೈಲು ಹತ್ತಿ ಬಂದವನು ನಾನು. ವಿಡಿಯೋವನ್ನು ಭಾವನ ಮುಖಕ್ಕೆ ಹಿಡಿದೆ. ನೋಡಿ, ಪಶ್ಚಾತ್ತಾಪ ಪಡುವರೆಂದು ಕಾದೆ. ಅವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿ, “ಕಂಡೆಯಾ? ನಾನು ಎಬ್ಬಿಸದೇ ಇದ್ದಿದ್ದರೆ?” ಎಂದರು.

ಅದು ಬಿದ್ದದ್ದು ನಮ್ಮ ಸೀಟಿನ ಹತ್ತಿರವೂ ಅಲ್ಲ. ಆದರೆ ಭಾವ ನನ್ನ ಪ್ರಾಣ ಉಳಿಸಿದ ಕಥೆಯನ್ನು ಆ ವರ್ಷದ ಯುಗಾದಿಯ ಊಟದಲ್ಲಿ ಕನ್ನಡ ಬಳಗದವರೆಲ್ಲರಿಗೂ ಹೇಳಿದರು. ಒಬ್ಬಟ್ಟು ಬಡಿಸುತ್ತಿದ್ದವರು ಅವರಿಗೆ ಇನ್ನೊಂದು ಹೆಚ್ಚಿಗೆ ಹಾಕಿದರು. ಅಮ್ಮ ತುಮಕೂರಿಗೆ ಫೋನ್ ಮಾಡಿದಳು. ಚಿಕ್ಕಮ್ಮನಿಗೆ ಹೇಳಿದಾಗ ಡ್ರೋನ್ ಇದ್ದದ್ದು, ಅತ್ತೆಗೆ ಹೇಳುವ ಹೊತ್ತಿಗೆ ವಿಮಾನವಾಯಿತು. ಸೋದರಮಾವನಿಗೆ ತಲುಪಿದಾಗ ಅದರಲ್ಲಿ ಪ್ರಯಾಣಿಕರೂ ಇದ್ದರು. ಈಗಲೂ ಊರಿಗೆ ಹೋದಾಗ ಮಾವ ನನ್ನ ತಲೆ ನೇವರಿಸಿ, “ಅಳಿಯಂದಿರ ಪುಣ್ಯ” ಎನ್ನುತ್ತಾರೆ, ಮತ್ತು ಪ್ರಯಾಣಿಕರ ಪೈಕಿ ನಮ್ಮ ಕಡೆಯವರು ಯಾರಾದರೂ ಇದ್ದರೇ ಎಂದು ವಿಚಾರಿಸುತ್ತಾರೆ.