ಕರೆಂಟ್ ಇಲ್ಲದ ಮನೆಗೆ ಏರ್ ಬೆಡ್

ಹೋದ ಮಳೆಗಾಲದಲ್ಲಿ ಅಪ್ಪ ಅಂಗಳದ ಹಾವಸೆ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. "ಮನೆಗೆ ಕರ್ಕೊಂಡು ಹೋಗಿ, ಬೆನ್ನು ಹುಣ್ಣಾಗದ ಹಾಗೆ ನೋಡ್ಕೊಳ್ಳಿ" ಅಂದರು. ಹೇಗೆ ನೋಡಿಕೊಳ್ಳಬೇಕು ಅಂತ ಯಾರೂ ಹೇಳಲಿಲ್ಲ. ನಮ್ಮ ಮನೆ ಇರುವುದು ಸಾಗರದಿಂದ ಇಪ್ಪತ್ತು ಕಿಲೋಮೀಟರ್ ಒಳಗೆ, ತೋಟದ ತಲೆಯಲ್ಲಿ. ಆಂಬುಲೆನ್ಸ್ ಬರುವುದೇ ಕಷ್ಟ.

ಪಕ್ಕದ ಮನೆಯವರು ಒಂದು ನಂಬರ್ ಕೊಟ್ಟರು. ಪೇಟೆಯ ಒಂದು ಸೈಕಲ್ ಶಾಪ್ ನಂಬರ್. ಅಂಗಡಿಯ ಹಿಂದಿನ ಕೋಣೆಯಲ್ಲಿ ವೀಲ್‌ಚೇರ್, ವಾಕರ್, ಕಮೋಡ್ ಕುರ್ಚಿ, ಕಬ್ಬಿಣದ ಮಂಚ. ಐದಾರು ಜನ ಸೇರಿ ಮಾಡಿಕೊಂಡ ಸಣ್ಣ ಟ್ರಸ್ಟ್. (ಹೆಸರು ಹಾಕಬೇಡ ಮಾರಾಯ ಅಂದಿದ್ದಾರೆ, ಹಾಕುವುದಿಲ್ಲ.) ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಅಪ್ಪನ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡರು. ಐನೂರು ರೂಪಾಯಿ ಡಿಪಾಸಿಟ್, ವಾಪಸ್ ತಂದಾಗ ಅದೂ ವಾಪಸ್. ಆಧಾರ್ ಕೇಳಲಿಲ್ಲ, ಫೋಟೋ ಹೊಡೆಯಲಿಲ್ಲ.

ಬೆನ್ನು ಹುಣ್ಣಾಗದಿರಲಿ ಅಂತ ನಾನು ಏರ್ ಬೆಡ್ ಕೇಳಿದೆ. ಸೈಕಲ್ ಶಾಪಿನ ಅಣ್ಣ ನನ್ನ ಮುಖ ನೋಡಿ ನಕ್ಕರು. "ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಇರ್ತದೆ?"

ಏರ್ ಬೆಡ್‌ಗೆ ಗಾಳಿ ತುಂಬುವ ಮೋಟಾರು ಓಡುತ್ತಲೇ ಇರಬೇಕು. ಒಂದು ಮರ ಲೈನ್ ಮೇಲೆ ಬಿದ್ದರೆ ನಮಗೆ ಎರಡು ದಿನ ಕತ್ತಲೆ. ಹಾಸಿಗೆ ಚಪ್ಪಟೆ, ಅಪ್ಪನ ಬೆನ್ನು ಹಲಗೆಗೆ. ಅದಕ್ಕೇ ಅವರು ಕೊಟ್ಟಿದ್ದು ವಾಟರ್ ಬೆಡ್. ಒಮ್ಮೆ ನೀರು ತುಂಬಿದರೆ ಮುಗಿಯಿತು. ಬೆಂಗಳೂರಿನ ಒಂದು ಕಂಪನಿ ದಾನ ಕೊಟ್ಟ ನಾಲ್ಕು ಏರ್ ಬೆಡ್ ಅಟ್ಟದ ಮೇಲೆ ಪ್ಯಾಕ್ ಒಡೆಯದೆ ಕೂತಿದ್ದವು. ಕೊಟ್ಟವರ ಮನಸ್ಸು ಒಳ್ಳೆಯದೇ. ಸಾಗರದ ಜುಲೈ ತಿಂಗಳು ಹೇಗಿರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಮರುದಿನ ಅದೇ ಟ್ರಸ್ಟಿನ ಒಬ್ಬರು ರಿಟೈರ್ಡ್ ನರ್ಸ್ ಬಸ್ಸಿನಲ್ಲಿ ಬಂದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ಮೊಣಕಾಲಿನ ನಡುವೆ ದಿಂಬು ಇಡುವುದು ಹೇಗೆ ಅಂತ ಅಮ್ಮನಿಗೆ ತೋರಿಸಿದರು. ಕಾಫಿ ಕುಡಿದು ಹೊರಟರು. ಇಂಥದ್ದು ಯಾವ ವಾರ್ಷಿಕ ವರದಿಯಲ್ಲೂ ಬರುವುದಿಲ್ಲ.

ಮಳೆ ಹಿಡಿಯುವ ಮೊದಲೇ ಈ ಟ್ರಸ್ಟಿನವರು ಎರಡು ವಾಟರ್ ಬೆಡ್ ಜಾಸ್ತಿ ತೆಗೆದಿಡುತ್ತಾರಂತೆ. ಯಾಕೆ ಹೇಳಿ? ಮರ ಹತ್ತಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕಾಲ ಅದು. ಒದ್ದೆ ಮರ, ಜಾರುತ್ತದೆ. ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ತಿಂಗಳುಗಟ್ಟಲೆ ಮಲಗಬೇಕು. ಇದನ್ನು ಯಾವ ಸರ್ವೆ ಮಾಡಿ ತಿಳಿಯಬೇಕು? ಊರಲ್ಲಿ ಇದ್ದರೆ ಸಾಕು. ಹರೇಕಳ ಹಾಜಬ್ಬರು ಮಂಗಳೂರಿನಲ್ಲಿ ಕಿತ್ತಳೆ ಮಾರಿದ ದುಡ್ಡಲ್ಲಿ ನ್ಯೂಪಡ್ಪುವಿಗೆ ಶಾಲೆ ತಂದರಲ್ಲ, 2020ರಲ್ಲಿ ಪದ್ಮಶ್ರೀ ಬಂತು, ಅವರಿಗೂ ತಮ್ಮೂರಿನ ಮಕ್ಕಳಿಗೆ ಶಾಲೆ ಇಲ್ಲ ಅಂತ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ದುಡ್ಡು ಮಾತ್ರ ಬೇರೆ ದಾರಿಯಲ್ಲಿ ಹರಿಯುತ್ತದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಸರಾಸರಿಯಲ್ಲಿ ಶೇಕಡಾ 2ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು. ಆ ಹಣ ಒಂದು ಟ್ರಸ್ಟಿನ ಕೈಗೆ ಬರಬೇಕೆಂದರೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು, 2021ರಿಂದ ಸರ್ಕಾರದಲ್ಲಿ ಹೆಸರು ನೋಂದಾಯಿಸುವ ಸಿಎಸ್‌ಆರ್-1 ಫಾರಂ ಬೇರೆ. ಕಳ್ಳ ಟ್ರಸ್ಟುಗಳೂ ಇವೆ, ನಿಯಮ ಬೇಡ ಅನ್ನುವುದಿಲ್ಲ. ಆದರೆ ಪಂಕ್ಚರ್ ಹಾಕುವ ಕೈಯಲ್ಲಿ ಇಷ್ಟೆಲ್ಲ ತುಂಬಿಸುವವರು ಯಾರು? ಫಾರಂ ತುಂಬಲು ಸಂಬಳದವರನ್ನು ಇಟ್ಟುಕೊಂಡ ದೊಡ್ಡ ಸಂಸ್ಥೆಗಳಿಗೇ ಅದು ಹೋಗುತ್ತದೆ.

ಇವರಲ್ಲೂ ಹುಳುಕಿಲ್ಲ ಅಂತಲ್ಲ. ಲೆಕ್ಕ ಪೂರಾ ಆ ನೋಟ್‌ಬುಕ್ಕಿನಲ್ಲಿದೆ, ಅದೂ ಅಣ್ಣನ ಅಕ್ಷರದಲ್ಲಿ, ಬೇರೆಯವರಿಗೆ ಓದಲು ಬರುವುದಿಲ್ಲ. ಎರಡು ವೀಲ್‌ಚೇರ್ ವಾಪಸ್ ಬಂದೇ ಇಲ್ಲ. ಅಣ್ಣನಿಗೆ ಅರವತ್ತೇಳು. ಮಗ ಬೆಂಗಳೂರಿನಲ್ಲಿದ್ದಾನೆ.

ಅಪ್ಪ ಈಗ ಕೋಲು ಹಿಡಿದು ತೋಟದ ತುದಿಯವರೆಗೆ ಹೋಗುತ್ತಾರೆ. ಬೆಡ್ ವಾಪಸ್ ಕೊಡಲು ಹೋದಾಗ ನಾನು ಐದು ಸಾವಿರ ಕೊಟ್ಟೆ. ಅಣ್ಣ ತೆಗೆದುಕೊಂಡು ಚೀಟಿ ಬರೆದರು. ಆಮೇಲೆ ಮೆಲ್ಲಗೆ, "ನಿಮಗೆ ಯಾರಾದ್ರೂ ಆಡಿಟರ್ ಪರಿಚಯ ಇದ್ದಾರಾ?" ಅಂತ ಕೇಳಿದರು.

ನನಗೆ ಯಾರೂ ಗೊತ್ತಿಲ್ಲ. ಸಾಗರದ ಕಡೆಯವರು, ವಾರಕ್ಕೆ ಒಂದು ಗಂಟೆ ಕೊಡಬಲ್ಲವರು ಈ ಪೋಸ್ಟ್ ಓದುತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ.