ಚಿಕ್ಕಪ್ಪ ಬದುಕಿದ್ದಾರಾ ಇಲ್ಲವಾ

ಮೂರು ಭಾನುವಾರ ಹೋಯಿತು. ನಮ್ಮ ಆಕಾಶನೌಕೆ ನೆಲ ಬಿಟ್ಟು ಒಂದಿಂಚು ಮೇಲೆದ್ದಿಲ್ಲ. ಎಂಜಿನ್ ಸರಿ ಉಂಟು, ಟ್ಯಾಂಕ್ ಭರ್ತಿ ಉಂಟು. ತೊಂದರೆ ಇರುವುದು ಹತ್ತುವವರಲ್ಲಿ.

ಇದು ಎಂತ ಆಟ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಇದನ್ನು ವಿವರಿಸಲಿಕ್ಕೇ ಒಂದು ಗಂಟೆ ಮತ್ತು ಎರಡು ಸುತ್ತು ಚಹಾ ಖರ್ಚಾಗಿತ್ತು. ನಾಲ್ಕೈದು ಜನ ಸುತ್ತ ಕೂರುವುದು. ಒಬ್ಬ ರೆಫರಿ, ಉಳಿದವರಿಗೆ ಒಂದೊಂದು ಪಾತ್ರ. "ಬಾಗಿಲಾಚೆ ಏನೋ ಸದ್ದಾಗುತ್ತಿದೆ, ಏನು ಮಾಡುತ್ತೀರಿ?" ಅಂತ ರೆಫರಿ ಕೇಳುತ್ತಾನೆ. ನೀವು ಬಾಯಲ್ಲೇ ಹೇಳಬೇಕು. ಹೇಳಿದ್ದು ಆಗುತ್ತದಾ ಇಲ್ಲವಾ ಅಂತ ಅನುಮಾನ ಬಂದರೆ ದಾಳ ಹಾಕುವುದು. ಅಷ್ಟೇ. ಕಾಯಿ ನಡೆಸಲಿಕ್ಕಿಲ್ಲ, ಗೆದ್ದೆ ಅಂತ ಕುಣಿಯಲಿಕ್ಕೂ ಇಲ್ಲ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಇದಕ್ಕೆಲ್ಲ ಹೆಸರು ಬಂತು. ಅದು ಕತ್ತಿ, ಮಂತ್ರ, ರಾಕ್ಷಸರ ಆಟ. ನನಗೆ ಹುಚ್ಚು ಹಿಡಿದದ್ದು ಟ್ರಾವೆಲರ್‌ನದ್ದು. 1977ರಲ್ಲಿ ಮಾರ್ಕ್ ಮಿಲ್ಲರ್ ಮಾಡಿದ ಆಟ. ಪೆಟ್ಟಿಗೆಯೊಳಗೆ ಮೂರು ಸಣ್ಣ ಕಪ್ಪು ಪುಸ್ತಕ, ಆಟಕ್ಕೆ ಇಡೀ ಬಾಹ್ಯಾಕಾಶ.

ಅದನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಬೇರೆ ಆಟಗಳಿಗೆ ಇಪ್ಪತ್ತು ಮುಖದ ದಾಳ ಬೇಕು, ಎಂಟು ಮುಖದ್ದು ಬೇಕು. ಬದಿಯಡ್ಕ ಪೇಟೆಯಲ್ಲಿ ನಿಂತು ಇಪ್ಪತ್ತು ಮುಖದ ದಾಳ ಉಂಟಾ ಅಂತ ಕೇಳಿದರೆ ಮನೆಯವರಿಗೆ ಫೋನ್ ಹೋಗುತ್ತದೆ. ಟ್ರಾವೆಲರ್‌ಗೆ ನಮ್ಮ ಹಾವು-ಏಣಿಯ ಆರು ಮುಖದ ದಾಳ ಎರಡಿದ್ದರೆ ಸಾಕು. ಅಟ್ಟದ ಡಬ್ಬಿಯಲ್ಲಿ ಸರಿಯಾಗಿ ಎರಡೇ ಇದ್ದವು. ಹಳೆಯವು, ಹಳದಿಗಟ್ಟಿ ಹೆಚ್ಚುಕಮ್ಮಿ ಅಡಿಕೆಯ ಬಣ್ಣಕ್ಕೆ ಬಂದಿದ್ದವು. ಈ ಬಣ್ಣದ ವಿಷಯ ನೆನಪಿಟ್ಟುಕೊಳ್ಳಿ.

ಎರಡು ತಿಂಗಳು ತಯಾರಿ ಮಾಡಿದೆ. ಚಾರ್ಟ್ ಪೇಪರಿನಲ್ಲಿ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು, ಅಡ್ಡಕ್ಕೆ ಎಂಟು, ಉದ್ದಕ್ಕೆ ಹತ್ತು. ಒಂದು ಮನೆ ಅಂದರೆ ಒಂದು ಪಾರ್ಸೆಕ್, ಬೆಳಕಿಗೇ 3.26 ವರ್ಷದ ದಾರಿ. ಗ್ರಹಗಳಿಗೆ ಹೆಸರು ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಬಸ್ ಸ್ಟಾಪಿನ ಹೆಸರುಗಳನ್ನೇ ಇಟ್ಟೆ: ಸೀತಾಂಗೋಳಿ, ನೀರ್ಚಾಲು, ಪೆರ್ಲ, ಮುಳ್ಳೇರಿಯ, ಅಡೂರು. ಆಟದಲ್ಲಿ ಪ್ರತಿ ಗ್ರಹದ ಬಂದರಿಗೂ ದರ್ಜೆ ಉಂಟು, ಎ ಅಂದರೆ ಎಲ್ಲ ಸೌಕರ್ಯ, ಇ ಅಂದರೆ ಬರೀ ಸಮತಟ್ಟು ನೆಲ, ಎಕ್ಸ್ ಅಂದರೆ ಅದೂ ಇಲ್ಲ. ರೈಲು ನಿಲ್ಲುತ್ತದೆ ಅಂತ ಕುಂಬಳೆಗೆ ಎ ಕೊಟ್ಟೆ. ಯಾವ ಊರಿಗೆ ಎಕ್ಸ್ ಕೊಟ್ಟೆ ಅಂತ ಇಲ್ಲಿ ಬರೆಯುವುದಿಲ್ಲ, ಅಲ್ಲಿ ನಮ್ಮ ಸಂಬಂಧಿಕರಿದ್ದಾರೆ.

ಆಟದ ಹಿಂದಿನ ದಿನ ನೋಡುತ್ತೇನೆ, ಅಮ್ಮ ನನ್ನ ನಕ್ಷೆಯನ್ನು ಜಗಲಿಯಲ್ಲಿ ಬಿಡಿಸಿ ಅದರ ಮೇಲೆ ಹಲಸಿನ ಹಪ್ಪಳ ಒಣಗಿಸಿದ್ದಾರೆ. "ದೊಡ್ಡ ಕಾಗದ ಸುಮ್ನೆ ಸುರುಳಿ ಸುತ್ತಿ ಬಿದ್ದಿತ್ತು" ಅಂದರು. ಹಪ್ಪಳ ತೆಗೆದ ಮೇಲೆ ಅಷ್ಟು ಜಾಗದಲ್ಲೂ ದುಂಡಗೆ ಎಣ್ಣೆಯ ಕಲೆ. ಪೆರ್ಲ ಪೂರ್ತಿ ಮುಳುಗಿತ್ತು. ಅವೆಲ್ಲ ನೀಹಾರಿಕೆಗಳು ಅಂತ ತೀರ್ಮಾನ ಮಾಡಿದೆ. ರೆಫರಿಗೆ ಅಷ್ಟು ಅಧಿಕಾರ ಉಂಟು.

ಆಡಲು ಬಂದವರು ನಾಲ್ವರು. ನಿವೃತ್ತ ಮೇಷ್ಟ್ರಾದ ಚಿಕ್ಕಪ್ಪ. ಅವರ ಮಗಳು, ಇಂಜಿನಿಯರಿಂಗ್ ಓದುವ ತಂಗಿ. ಬ್ಯಾಂಕಿನಲ್ಲಿರುವ ಭಾವ. ಗಲ್ಫಿನಿಂದ ರಜೆಗೆ ಬಂದಿದ್ದ ಪಕ್ಕದ ಮನೆಯ ಗೆಳೆಯ. ಅವನಿಗೆ ಮಲಯಾಳ ಸಲೀಸು, ತುಳು ಬರುತ್ತದೆ, ಕನ್ನಡ ಅರ್ಥವಾಗುತ್ತದೆ. ಅನ್ಯಗ್ರಹದವರ ಪಾತ್ರಕ್ಕೆ ನಾನು ಬೇರೆ ಭಾಷೆ ಕಟ್ಟುವ ಅಗತ್ಯವೇ ಬೀಳಲಿಲ್ಲ.

ಮೊದಲ ಭಾನುವಾರ ಪಾತ್ರ ಮಾಡುವುದು. ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿದ್ಯೆ, ಸಾಮಾಜಿಕ ಸ್ಥಾನ ಅಂತ ಆರು ಗುಣ, ಒಂದೊಂದಕ್ಕೂ ಎರಡು ದಾಳ. ಚಹಾ ತಂದ ಅಮ್ಮನಿಗೆ, "ನೀವೂ ಒಮ್ಮೆ ಹಾಕಿ" ಅಂದ ತಂಗಿಯ ತಪ್ಪಿಗೆ ನಾವೆಲ್ಲ ಈಗಲೂ ದಂಡ ಕಟ್ಟುತ್ತಿದ್ದೇವೆ. ಸಾಮಾಜಿಕ ಸ್ಥಾನಕ್ಕೆ ಅಮ್ಮನಿಗೆ ಎರಡು ಆರು ಬಿತ್ತು. 36ರಲ್ಲಿ ಒಂದು ಸಲ ಬೀಳುವಂಥದ್ದು. ಹನ್ನೆರಡು ಬಂದರೆ ಬ್ಯಾರನ್ ಪದವಿ, ಅಂದರೆ ಸಾಮ್ರಾಜ್ಯದ ಕುಲೀನ ಮನೆತನ ಅಂತ ಪುಸ್ತಕ ನೋಡಿ ಹೇಳಿದೆ. ಅಮ್ಮ ಟ್ರೇ ಕೆಳಗಿಟ್ಟು ಆರಾಮ ಕುರ್ಚಿಯಲ್ಲಿ ಕೂತರು. "ಹಾಗಾದ್ರೆ ಇನ್ನು ಚಹಾ ಮಾಡುವುದು ಯಾರು?" ಅಂದರು. ಅವತ್ತಿನಿಂದ ಭಾನುವಾರದ ಚಹಾ ನಾನೇ ಮಾಡುತ್ತಿದ್ದೇನೆ.

ಟ್ರಾವೆಲರ್‌ನ ವಿಶೇಷ ಅಂದರೆ ಪಾತ್ರಕ್ಕೆ ಹದಿನೆಂಟು ವರ್ಷ ಆದಲ್ಲಿಂದ ಅದರ ನೌಕರಿಯ ಕಥೆಯನ್ನು ದಾಳ ಹಾಕಿಯೇ ಬರೆಯಬೇಕು. ನೌಕಾದಳ, ಭೂಸೇನೆ, ವ್ಯಾಪಾರ, ಸ್ಕೌಟ್, ಹೀಗೆ. ಒಂದು ಅವಧಿ ಅಂದರೆ ನಾಲ್ಕು ವರ್ಷ. ಅವಧಿಗೊಮ್ಮೆ ಬದುಕುಳಿದೆಯಾ ಅಂತ ದಾಳ ಹಾಕಬೇಕು. ಮೂಲ ನಿಯಮದಲ್ಲಿ, ತಪ್ಪಿದರೆ ಸತ್ತ ಹಾಗೆಯೇ. ಆಟ ಶುರುವಾಗುವ ಮೊದಲೇ. ಆಮೇಲಿನ ಆವೃತ್ತಿಗಳಲ್ಲಿ ಕರುಣೆ ತೋರಿಸಿ ಗಾಯ, ನೌಕರಿ ನಷ್ಟ ಅಂತೆಲ್ಲ ಮಾಡಿದ್ದಾರೆ. ನಾನು ಮೂಲ ನಿಯಮವೇ ಆಗಬೇಕು ಅಂತ ಹಟ ಹಿಡಿದೆ. ಶಾಸ್ತ್ರ ಕಲಿತ ಹೊಸತರಲ್ಲಿ ಎಲ್ಲರೂ ಹೀಗೇ ಅಲ್ವಾ.

ಭಾವ ಮಾತ್ರ ಮೊದಲು ಕೇಳಿದ್ದು, "ಪಿಂಚಣಿ ಉಂಟಾ?" ಉಂಟು, ಐದು ಅವಧಿ ಮುಗಿಸಿದರೆ. ಅವರು ನೌಕಾದಳ ಸೇರಿ ಸರಿಯಾಗಿ ಇಪ್ಪತ್ತು ವರ್ಷ ದುಡಿದು ಹೊರಬಂದರು. ಯಾವ ಯುದ್ಧಕ್ಕೂ ಹೋದ ಹಾಗೆ ಕಾಣಲಿಲ್ಲ.

ಚಿಕ್ಕಪ್ಪ ಸ್ಕೌಟ್ ಆದರು. ಗೊತ್ತಿಲ್ಲದ ಗ್ರಹಗಳಿಗೆ ಮೊದಲು ಹೋಗುವವರು, ಹಾಗಾಗಿ ಅಪಾಯ ಜಾಸ್ತಿ. ಬದುಕಲು ಎರಡು ದಾಳ ಸೇರಿ ಏಳಾದರೂ ಬೀಳಬೇಕು. ನೂರಕ್ಕೆ 58 ಸಲ ಬೀಳುತ್ತದೆ ಅಂತ ತಂಗಿ ಲೆಕ್ಕ ಹೇಳಿದಳು. "ಐವತ್ತೆಂಟಾ? ನಮ್ಮ ಕಾಲದಲ್ಲಿ ಮೂವತ್ತೈದಕ್ಕೇ ಪಾಸು" ಅಂದು ಚಿಕ್ಕಪ್ಪ ದಾಳ ಎಸೆದರು. ಎಸೆಯುವುದು ಅಂದರೆ, ಮಕ್ಕಳ ಕಡೆಗೆ ಚಾಕ್ ತುಂಡು ಬೀಸುತ್ತಿದ್ದರಲ್ಲ, ಆ ರೀತಿ. ಒಂದು ದಾಳ ಮಣೆಯ ಮೇಲೆ ನಿಂತಿತು, ಮೂರು. ಇನ್ನೊಂದು ಪುಟಿದು, ಜಗಲಿಯ ಅಂಚು ದಾಟಿ, ಅಂಗಳಕ್ಕೆ ಹಾರಿತು.

ಅಂಗಳದಲ್ಲಿ ಸುಲಿದ ಚಾಲಿ ಅಡಿಕೆ ಇತ್ತು. ಗೋಣಿಗೆ ತುಂಬುವ ಮೊದಲು ಇನ್ನೊಂದು ಬಿಸಿಲು ಕಾಣಲಿ ಅಂತ ಹರಡಿದ್ದು, ಮೂರು ಕ್ವಿಂಟಾಲಿಗೆ ಕಡಿಮೆ ಇಲ್ಲ. ಐದು ಜನ ಬಗ್ಗಿ ಸಂಜೆಯವರೆಗೆ ಹುಡುಕಿದೆವು. ಬ್ಯಾರನ್ ಅಮ್ಮ ಕುರ್ಚಿಯಲ್ಲೇ ಕೂತು, "ಕಾಲಲ್ಲಿ ಮೆಟ್ಟಬೇಡಿ, ಅಡಿಕೆ ಒಡೆಯುತ್ತದೆ" ಅನ್ನುತ್ತಿದ್ದರು. ದಾಳ ಸಿಗಲಿಲ್ಲ. ಇನ್ನೊಂದು ಸಲ ಹಾಕಿ ಅಂದರೆ ಚಿಕ್ಕಪ್ಪ ಸುತರಾಂ ಒಪ್ಪಲಿಲ್ಲ. "ಹಾಕಿ ಆಗಿದೆ ಮಾರಾಯ. ನಾಲ್ಕೋ ಐದೋ ಆರೋ ಬಿದ್ದಿದೆ, ನನಗೆ ಗೊತ್ತುಂಟು. ನಿನಗೆ ಕಾಣದಿದ್ದರೆ ಅದು ನನ್ನ ತಪ್ಪಾ?" ಕೊನೆಗೆ, ದಾಳ ಸಿಗುವವರೆಗೆ ಅವರು ಬದುಕಿದ್ದಾರೆ ಅಂತಲೇ ಇಟ್ಟುಕೊಳ್ಳುವುದು, ಸಿಕ್ಕಿದ ಮೇಲೆ ನೋಡುವುದು ಅಂತ ರಾಜಿಯಾಯಿತು. ಒಂದೇ ದಾಳವನ್ನು ಎರಡೆರಡು ಸಲ ಹಾಕಿಕೊಂಡು ಮುಂದಿನ ಕೆಲಸ ಮುಗಿಸಿದೆವು.

ಎರಡನೇ ಭಾನುವಾರ ಹಡಗು ಕೊಟ್ಟೆ. ಅಲ್ಲೂ ನನ್ನದೇ ಬುದ್ಧಿಗೇಡಿತನ. ಸುಮ್ನೆ ಕೊಡಬಹುದಿತ್ತು. ಆದರೆ ಪುಸ್ತಕದಲ್ಲಿ ಸಾಲದ ವಿವರ ಇತ್ತು, ಓದಿಬಿಟ್ಟೆ. 200 ಟನ್ನಿನ ಸಾಧಾರಣ ವ್ಯಾಪಾರಿ ಹಡಗಿಗೆ ಸುಮಾರು 3.7 ಕೋಟಿ ಕ್ರೆಡಿಟ್. ಐದರಲ್ಲೊಂದು ಪಾಲು ಮುಂಗಡ. ಆಮೇಲೆ ತಿಂಗಳಿಗೆ ಬೆಲೆಯ 240ರಲ್ಲಿ ಒಂದು ಭಾಗದಂತೆ 480 ಕಂತು. ನಲವತ್ತು ವರ್ಷ!

ಅಷ್ಟು ಹೊತ್ತು ಮೊಬೈಲ್ ನೋಡುತ್ತಿದ್ದ ಭಾವ ತಲೆಯೆತ್ತಿದರು. ಕಣ್ಣಲ್ಲಿ ಬೆಳಕು. "ಒಟ್ಟು ಕಟ್ಟುವುದು ಬೆಲೆಯ ಎರಡು ಪಾಲಿಗಿಂತ ಜಾಸ್ತಿ ಆಯಿತಲ್ಲ. ಜಾಮೀನು ಯಾರು? ಇನ್ಶೂರೆನ್ಸ್?" ತಿಂಗಳಿಗೆ ಒಂದೂವರೆ ಲಕ್ಷದ ಮೇಲೆ ಕಂತು ಬರುತ್ತದೆ ಅಂತ ಕಾಗದ ತೆಗೆದು ಗೀಚಿದರು. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿಯಲು ಎಷ್ಟು ದಿನ ಅಂತ ಕೇಳಿದರು. ಒಂದು ವಾರ, ಒಂದು ಪಾರ್ಸೆಕ್ ಇರಲಿ ಆರು ಇರಲಿ ವಾರವೇ ಅಂದೆ. "ಲೋಕಲ್ಲೂ ಎಕ್ಸ್‌ಪ್ರೆಸ್ಸೂ ಒಂದೇ ಹೊತ್ತಿಗೆ ಮುಟ್ಟುತ್ತದಾ?" ಅಂತ ಗೆಳೆಯ ನಕ್ಕ. ತಿಂಗಳಿಗೆ ಎರಡೇ ಟ್ರಿಪ್ಪು, ಎಷ್ಟು ಪ್ರಯಾಣಿಕರು, ಟಿಕೆಟ್ ಎಷ್ಟು, ಹೀಗೆ ಹೋಯಿತು ಮಾತು.

ಕಡಿಮೆ ದರದ ಟಿಕೆಟಿಗೆ ಸಾವಿರ ಕ್ರೆಡಿಟ್, ಪ್ರಯಾಣಿಕನನ್ನು ಹೆಪ್ಪುಗಟ್ಟಿಸಿ ಪೆಟ್ಟಿಗೆಯಲ್ಲಿ ಒಯ್ಯುವುದು. ಇಳಿಸುವಾಗ ಎಬ್ಬಿಸಲು ದಾಳ ಹಾಕಬೇಕು, ಐದಕ್ಕಿಂತ ಕಡಿಮೆ ಬಿದ್ದರೆ ಏಳುವುದಿಲ್ಲ. ಡಾಕ್ಟರು ಜತೆಗಿಲ್ಲದಿದ್ದರೆ ಆರು ಜನರಲ್ಲಿ ಒಬ್ಬ ಹೋದ ಅಂತಲೇ ಲೆಕ್ಕ. ಗಲ್ಫ್ ಗೆಳೆಯ ಸ್ವಲ್ಪ ಯೋಚಿಸಿ, ರಜೆಯ ಸೀಸನ್ನಿನ ವಿಮಾನ ದರಕ್ಕೆ ಹೋಲಿಸಿದರೆ ಇದು ಪರವಾಗಿಲ್ಲ ಅಂದ. ಭಾವ ಮಾತ್ರ ಸಾಲದ ಅರ್ಜಿಯನ್ನು ತಿರಸ್ಕರಿಸಿದರು. ಅವರದೇ ಹಡಗು, ಅವರದೇ ಅರ್ಜಿ.

ಮೂರನೇ ವಾರಕ್ಕೆ ಸಾಲದ ಪುಟ ಹರಿದುಹಾಕಿ, ಹಡಗು ಚಿಕ್ಕಪ್ಪನ ಅಜ್ಜನ ಆಸ್ತಿ ಅಂದುಬಿಟ್ಟೆ. ಕುಂಬಳೆ ಬಂದರಿನಿಂದ ಹೊರಡಬೇಕು. ಒಬ್ಬ ಅಧಿಕಾರಿ ಬಂದು "ಸಾಮಾನು ಪರಿಶೀಲಿಸಬೇಕು" ಅನ್ನುತ್ತಾನೆ, ನನ್ನ ಟಿಪ್ಪಣಿಯಲ್ಲಿ ಅವನಿಗಿದ್ದದ್ದು ಎರಡೇ ವಾಕ್ಯ.

ಚಿಕ್ಕಪ್ಪ ಯಕ್ಷಗಾನದ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಅಂದರೆ ಪಾತ್ರವಾಗಿ ಕೂತಲ್ಲೇ ಮಾತು ಕಟ್ಟಿ ವಾದಿಸುವವರು ಅನ್ನುವುದು ನನಗೆ ಮರೆತೇ ಹೋಗಿತ್ತು. ಅವರು ಶಾಲು ಸರಿಮಾಡಿಕೊಂಡು ಗಂಟಲು ಕೆರೆದರು. "ಅಧಿಕಾರಿಯೇ, ಪರಿಶೀಲನೆ ಎಂದೆ. ಶೀಲವೆಂದರೇನು ಎಂದು ಬಲ್ಲೆಯಾ? ಶೀಲವಿಲ್ಲದವನು ಪರಿಶೀಲಿಸುವುದೆಂತು?" ಅಲ್ಲಿಂದ ಐವತ್ತು ನಿಮಿಷ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದವರ ಜತೆ ಬಾಯಿ ಕೊಟ್ಟದ್ದು ನನ್ನ ತಪ್ಪು. ನಾನೂ ಬಿಡಲಿಲ್ಲ, ತೆರಿಗೆಯ ಧರ್ಮದ ಬಗ್ಗೆ ಎರಡು ಮಾತಾಡಿದೆ, ನನ್ನ ಎರಡಕ್ಕೆ ಅವರದ್ದು ಇಪ್ಪತ್ತು. ದಾಳ ಹಾಕೋಣ ಅಂದರೆ "ಮಾತಿಗೆ ಮಾತಲ್ಲಿ ಉತ್ತರ ಕೊಡು" ಅಂದರು. ಅಮ್ಮನೂ, ನೆಂಟರೊಬ್ಬರೂ ಬಂದು ಕೂತು ಕೇಳುತ್ತಿದ್ದರು.

ಎಲ್ಲ ಮುಗಿದ ಮೇಲೆ ಚಿಕ್ಕಪ್ಪ ಚಹಾ ಕುಡಿಯುತ್ತಾ, "ಇದು ನಮ್ಮದೇ ಆಟ ಮಾರಾಯ. ವೇಷ ಇಲ್ಲ, ಬರೆದಿಟ್ಟ ಮಾತಿಲ್ಲ, ಕೂತಲ್ಲೇ ಮಾಡುವುದು. ನೀನು ಭಾಗವತ" ಅಂದರು. ಆಮೇಲೆ ಸ್ವಲ್ಪ ತಡೆದು, "ಆದರೆ ಕರ್ಣಪರ್ವದಲ್ಲಿ ನಾನು ಎಷ್ಟೇ ವಾದ ಮಾಡಿದರೂ ಕೊನೆಗೆ ಕರ್ಣ ಸಾಯಬೇಕು. ಇದರಲ್ಲಿ ಕೊನೆ ಗೊತ್ತಿಲ್ಲ. ಅದೊಂದು ಕಿರಿಕಿರಿ" ಅಂದರು. ಕತ್ತಲಾಗಿತ್ತು. ಮಳೆಗಾಳಿ ಬಂದು ಕರೆಂಟು ಹೋಯಿತು. ಹಡಗು ಕುಂಬಳೆಯಲ್ಲೇ ಉಳಿಯಿತು.

ಮೊನ್ನೆ ಮಂಗಳವಾರ ಅಡಿಕೆ ಕೊಂಡ ಅಂಗಡಿಯವರ ಫೋನ್ ಬಂತು. "ನಿಮ್ಮ ಗೋಣಿ ಸುರಿದು ಆರಿಸುವಾಗ ಒಂದು ದಾಳ ಸಿಕ್ಕಿತು ಮಾರ್ರೆ. ತೂಕಕ್ಕೆ ಹಾಕಿದ್ದಾ?" ಅಂತ ತಮಾಷೆ ಮಾಡಿದರು. ಪಕ್ಕದಲ್ಲೇ ಕೂತಿದ್ದ ಚಿಕ್ಕಪ್ಪ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡರು. ತಂಗಿಯೂ ಎದ್ದು ಹತ್ತಿರ ಬಂದಳು.

"ಅದು ಇರಲಿ. ಸಿಕ್ಕುವಾಗ ಮೇಲೆ ಯಾವ ಮುಖ ಇತ್ತು?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂಗಡಿಯವರು ಯಾರನ್ನೋ ಕರೆಯುವುದು ಕೇಳಿಸಿತು. ದಾಳ ಹೆಕ್ಕಿದ ಹುಡುಗ ಊಟಕ್ಕೆ ಹೋಗಿದ್ದಾನಂತೆ.

ಚಿಕ್ಕಪ್ಪ ಫೋನ್ ಇಡಲಿಲ್ಲ. "ಕಾಯುತ್ತೇನೆ" ಅಂದರು.